ವಾಲ್ಯೂಮ್ ಕಂಟ್ರೋಲ್ ಆರಿಸೋದಿದ್ರ ರಾತ್ರಿ ಹತ್ತಕ್ಕ ಆರಸ್ರಿ

ಅಕ್ಕಾ, ವೈನಿ, ಕಾಕೂ, ಓಣಿಯ ಎಲ್ಲಾರಿಗೂ ಮೊದಲ ಒಂದು ಪ್ರಶ್ನೆ. ನಿಮ್ಮನ್ಯಾಗ ಹಾಡಿನ ಆವಾಜ ಹೆಚ್ಚು ಮಾಡೋರು ಯಾರು, ಕಡಿಮಿ ಮಾಡೋರು ಯಾರು? ನಾ ನೋಡಿದ ಮಟ್ಟಿಗೆ ಹೆಚ್ಚು ಮಾಡೋರು ಗಂಡಸರು, "ಒಂಚೂರು ಸಣ್ಣ ಮಾಡ್ರಿ" ಅಂತ ಅಡಗಿಮನಿಯಿಂದ ಒದರೋರು ನಾವು. ಯಾಕ ಕೇಳಿದೆ ಅಂದ್ರ, ನಮ್ಮನಿಯವರು ಎರಡು ತಿಂಗಳಿಂದ ಭಾನುವಾರಕ್ಕೊಮ್ಮೆ ಊಟದ ಟೇಬಲ್ ಮ್ಯಾಲೆ ಹಳೇ ಪೇಪರ್ ಹಾಸಿಕೊಂಡು ಪ್ರಿಆಂಪ್ಲಿಫೈಯರ್ ಕಟ್ಟಲಿಕ್ಕೆ ಹತ್ಯಾರ. ಡಬ್ಬಿ ಆತು, ಟ್ರಾನ್ಸ್‌ಫಾರ್ಮರ್ ಆತು, ಬೋರ್ಡ್ ಆತು. ಈಗ ಆವಾಜಿನ ಗುಂಡಿಗೆ ಬಂದು ನಿಂತಾರ. ಯಾವ ಥರದ ವಾಲ್ಯೂಮ್ ಕಂಟ್ರೋಲ್ ಹಾಕಬೇಕು ಅನ್ನೋದ್ರಾಗ ಇವರದು ಒಂದು ಮಾತು, ಇವರ ಗೆಳೆಯರದು ಒಂದು ಮಾತು, ಎಲೆಕ್ಟ್ರಾನಿಕ್ಸ್ ಓದೋ ನಮ್ಮ ಮಗಳದು ಇನ್ನೊಂದು ಮಾತು.

ನನ್ನ ಅಭಿಪ್ರಾಯ ಕೇಳ್ರಿ. ಇದನ್ನ ಭಾನುವಾರ ಮಧ್ಯಾಹ್ನ, ಕಿಡಕಿ ಎಲ್ಲಾ ತೆಗದು, ದೊಡ್ಡ ಆವಾಜ ಇಟ್ಟು ಆರಿಸಬಾರದು. ರಾತ್ರಿ ಹತ್ತಕ್ಕ, ಇಲ್ಲಾ ಮುಂಜಾನೆ ಐದೂವರಿಗೆ, ಮನಿ ಮಲಗಿದಾಗ ಆರಿಸಬೇಕು. ದೊಡ್ಡ ಆವಾಜಿನ್ಯಾಗ ಯಾವ ಗುಂಡಿ ಹಾಕಿದ್ರೂ ಛಲೋನ ಅನಸತದ. ಅದರ ಬಣ್ಣ ಬಯಲಾಗೋದು ಸಣ್ಣ ಆವಾಜಿನ್ಯಾಗ. ಮತ್ತ ಸಣ್ಣ ಆವಾಜಿನ್ಯಾಗ ಕೇಳೋರು ಯಾರು? ಮನ್ಯಾಗ ಎಲ್ಲಾರಿಗಿಂತ ಮೊದಲ ಏಳೋರು, ಎಲ್ಲಾರಿಗಿಂತ ಕಡೀಕ ಮಲಗೋರು. ಅಂದ್ರ ನಾವು, ನಮ್ಮ ಅತ್ತಿ, ಅವ್ವಂದಿರು.

ಗೊತ್ತಿಲ್ಲದವರಿಗೆ ಎರಡು ಮಾತಿನ್ಯಾಗ ಹೇಳತೇನಿ. ರೇಡಿಯೋ ಟ್ಯೂನರ್, ಸಿಡಿ, ಫೋನು ಇವುಗಳಿಂದ ಬರೋ ಹಾಡನ್ನ ತಗೊಂಡು, ಯಾವುದು ಬೇಕೋ ಅದನ್ನ ಆರಿಸಿ, ಎಷ್ಟು ಬೇಕೋ ಅಷ್ಟು ಮಾಡಿ ದೊಡ್ಡ ಆಂಪ್ಲಿಫೈಯರ್‌ಗೆ ಕಳಸೋ ಡಬ್ಬಿಗೆ ಪ್ರಿಆಂಪ್ಲಿಫೈಯರ್ ಅಂತಾರ. ಅದರ ಮುಖದ ಮ್ಯಾಲಿನ ದೊಡ್ಡ ಗುಂಡಿನ ವಾಲ್ಯೂಮ್. ಈ ಗುಂಡಿ ಆವಾಜ ಹೆಚ್ಚು ಮಾಡತದ ಅಂತ ನಾವೆಲ್ಲಾ ಅಂದುಕೊಂಡಿರತೇವಿ. ಸಾಮಾನ್ಯ ಗುಂಡಿ ಆವಾಜ ಹೆಚ್ಚು ಮಾಡೋದಿಲ್ಲ. ಬಂದದ್ದರಾಗ ಎಷ್ಟು ಬಿಡಬೇಕು, ಎಷ್ಟು ತಡೀಬೇಕು ಅನ್ನೋದಷ್ಟ ಅದರ ಕೆಲಸ. ನಳ ಇದ್ದಂಗ. ನಳ ನೀರು ಹುಟ್ಟಸೋದಿಲ್ಲ, ಟಾಕಿಯೊಳಗಿನ ನೀರು ಎಷ್ಟು ಬರಬೇಕು ಅನ್ನೋದನ್ನ ನೋಡಕೋತದ.

ಈಗ ಲೆಕ್ಕ ನೋಡ್ರಿ. ನಮ್ಮ ಸ್ಪೀಕರಿನ ಹಿಂದ 87 ಡೆಸಿಬೆಲ್ ಅಂತ ಬರದದ. ಅಂದ್ರ 1 ವ್ಯಾಟ್ ಕೊಟ್ರ 1 ಮೀಟರ್ ದೂರದಾಗ 87 ಡೆಸಿಬೆಲ್ ಆವಾಜ ಬರತದ. ಇಬ್ಬರು ಎದುರಾಬದುರ ಕೂತು ಮಾತಾಡೋದು ಸುಮಾರು 60 ಡೆಸಿಬೆಲ್. ರಾತ್ರಿ ನಮಗ ಅದಕ್ಕಿಂತ ಹೆಚ್ಚು ಏನೂ ಬ್ಯಾಡ. ನಡುವಿನ ಅಂತರ 27 ಡೆಸಿಬೆಲ್. ಅಂದ್ರ ಒಂದು ವ್ಯಾಟಿನ ಐನೂರು ಪಾಲು ಮಾಡಿ ಅದರಾಗ ಒಂದು ಪಾಲು, 2 ಮಿಲಿವ್ಯಾಟ್. ಇವರ ಆಂಪ್ಲಿಫೈಯರ್ 50 ವ್ಯಾಟಿಂದು. ಇಪ್ಪತ್ತೈದು ಸಾವಿರದಾಗ ಒಂದು ಪಾಲು ಬಳಸಲಿಕ್ಕೆ ನಾವು ಆ ಗುಂಡಿ ಹಿಡೀತೇವಿ. ಗುಂಡಿ ಆರಿಸೋರು ಮಾತ್ರ ಉಳಿದ ಇಪ್ಪತ್ನಾಲ್ಕು ಸಾವಿರದ ಚಿಲ್ಲರದ ಬಗ್ಗೆನ ಚರ್ಚಾ ಮಾಡತಿರತಾರ.

ನಮ್ಮ ಕಿವಿಯ ಸ್ವಭಾವ ನಾಲಗಿ ಇದ್ದಂಗ. ಸಪ್ಪನ್ನ ಸಾರಿಗೆ ಅರ್ಧ ಚಮಚಾ ಉಪ್ಪು ಹಾಕಿದ್ರ ಲಗೂನ ಗೊತ್ತಾಗತದ. ಮೊದಲ ನಾಲ್ಕು ಚಮಚಾ ಬಿದ್ದ ಸಾರಿಗೆ ಅದ ಅರ್ಧ ಚಮಚಾ ಹಾಕಿದ್ರ ಅಷ್ಟು ಫರಕ ಅನಸೋದಿಲ್ಲ. ಕಿವಿನೂ ಎಷ್ಟು ಹೆಚ್ಚಾತು ಅಂತ ನೋಡೋದಿಲ್ಲ, ಎಷ್ಟು ಪಟ್ಟು ಹೆಚ್ಚಾತು ಅಂತ ನೋಡತದ. ಅದಕ್ಕ ಗುಂಡಿನೂ ಪಟ್ಟಿನ ಲೆಕ್ಕದಾಗನ ಏರಬೇಕು. ಹಂಗ ಏರೋದಕ್ಕ ಲಾಗ್ ಪಾಟ್ ಅಂತಾರ, ಸಮಸಮ ಏರೋದಕ್ಕ ಲೀನಿಯರ್ ಪಾಟ್ ಅಂತಾರ. ಲೀನಿಯರ್ ಪಾಟನ್ನ ಹಂಗ ತಂದು ಹಾಕಿದ್ರ ಏನಾಗತದ ಅಂದ್ರ, ಗುಂಡಿ ಒಟ್ಟು ಸುಮಾರು 300 ಡಿಗ್ರಿ ತಿರಗತದ, ಅದರಾಗ ರಾತ್ರಿ ಕೇಳೋ ಆವಾಜ ಎಲ್ಲಾ ಮೊದಲಿನ 9-10 ಡಿಗ್ರಿಯೊಳಗ ಮುಗದು ಹೋಗತದ. ಕೂದಲಿನಷ್ಟು ತಿರವಿದ್ರ ಕೇಳಸೋದಿಲ್ಲ, ಇನ್ನೊಂದು ಕೂದಲಿನಷ್ಟು ತಿರವಿದ್ರ ಮಕ್ಕಳು ಏಳತಾರ.

ಇನ್ನ ಎರಡನೇ ತೊಂದರಿ. ಸ್ಟೀರಿಯೋದಾಗ ಎಡಕ್ಕೊಂದು, ಬಲಕ್ಕೊಂದು, ಹಿಂಗ ಒಂದ ದಂಡಿಗಿ ಎರಡು ಪಾಟ್ ಜೋಡಿಸಿರತಾರ. ಅವೆರಡೂ ಅವಳಿ ಮಕ್ಕಳಂಗ ಜೋಡಿಯಾಗಿ ಹೋಗಬೇಕು. ಅಗ್ಗದ ಪಾಟಿನ್ಯಾಗ ಹೋಗೋದಿಲ್ಲ. ದೊಡ್ಡ ಆವಾಜಿನ್ಯಾಗ ಫರಕ ಗೊತ್ತಾಗೋದಿಲ್ಲ. ಕೆಳಗಿನ ತುದಿಗೆ ಬಂದಂಗ ಒಂದು ಮುಂದ, ಒಂದು ಹಿಂದ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ ಇವರ ಹಳೇ ರೆಕಾರ್ಡಿಂಗ್ ಭಾಳಷ್ಟು ಮೋನೋ. ಎರಡೂ ಸ್ಪೀಕರಿಗೆ ಒಂದ ಹಾಡು ಹೋಗತದ. ಎರಡೂ ಸಮ ಇದ್ರ ಹಾಡೋರು ನಟ್ಟನಡುವ ಕೂತಂಗ ಕೇಳಸತದ. ಸಮ ಇಲ್ಲಂದ್ರ ಗಂಗೂಬಾಯಿಯವರು ಎದ್ದು ಹೋಗಿ ಬಲಗಡೆ ಮೂಲ್ಯಾಗ ಕೂತುಬಿಡತಾರ.

ಇದು ಬರೇ ಶೋಕಿ ಮಂದಿಯ ತಕರಾರು ಅಂತ ಅನಕೋಬ್ಯಾಡ್ರಿ. ನಮ್ಮ ಅತ್ತಿಗೆ ಈಗ 82. ಧಾರವಾಡ ಆಕಾಶವಾಣಿ 1950ರಾಗ ಸುರು ಆದಾಗ ಅವರು ಸಾಲಿಗೆ ಹೋಗೋ ಹುಡುಗಿ. ಅವತ್ತಿನಿಂದ ರೇಡಿಯೋ ಕೇಳಕೋತ ಬಂದವರು. ಮಾವನವರು ಹೋದ ಮ್ಯಾಲೆ ಮುಂಜಾನೆ ಐದೂವರಿಗೆ ಎದ್ದು, ಚಹಾ ಇಟಗೊಂಡು, ಪಡಸಾಲಿಯಾಗ ಹಾಡು ಹಚ್ಚೋದು ಅವರಿಗೆ ದಿನದ ಮೊದಲ ಮಾತುಕತಿ ಇದ್ದಂಗ. ಮಗನ ಪಿಯುಸಿ ಸುರು ಆದ ಮ್ಯಾಲೆ ಹುಡುಗ ರಾತ್ರಿ ಓದಿ ಮುಂಜಾನೆ ಮಲಗತಾನ ಅಂತ ಸಣ್ಣ ಆವಾಜ ಇಡಲಿಕ್ಕೆ ಹತ್ತಿದ್ರು. ಆಮ್ಯಾಲೆ ಒಂದಿನ ಹಚ್ಚೋದನ್ನ ಬಿಟ್ಟುಬಿಟ್ರು. ಯಾರಿಗೂ ಏನೂ ಹೇಳಲಿಲ್ಲ. ಕೇಳಿದ್ರ "ಈಗ ಕಿವಿ ಕೇಳಸೋದಿಲ್ಲ ಬಿಡವಾ" ಅಂದ್ರು.

ಮಗಳಿಗೆ ಸಂಶೆ ಬಂತು. ಅತ್ತಿಯವರ ಖುರ್ಚಿ ಎಡಗಡೆ ಸ್ಪೀಕರ್ ಹತ್ರ, ಯಾಕಂದ್ರ ಅವರ ಎಡಗಿವಿನ ಛಲೋ ಅದ. ಮಗಳು ಹಳೇ ಸೆಟ್ಟಿನ ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಪಾಟಿನ ವೈರ್ ಬಿಡಿಸಿ, ಅಜ್ಜಿ ಮುಂಜಾನೆ ಇಡೋ ಜಾಗಾಕ್ಕ ಗುಂಡಿ ಇಟ್ಟು ಮಲ್ಟಿಮೀಟರ್ ಹಿಡದಳು. ಬಲಗಡೆದು 160 ಓಮ್, ಎಡಗಡೆದು 40. ನಾಲ್ಕು ಪಟ್ಟಿನ ಫರಕ, ಡೆಸಿಬೆಲ್ಲಿನ್ಯಾಗ 12. ಅಂದ್ರ ಅತ್ತಿಯವರ ಬಾಜೂಕಿನ ಸ್ಪೀಕರ್ ಸಣ್ಣ ಆವಾಜಿನ್ಯಾಗ ಹೆಚ್ಚುಕಡಿಮಿ ಸತ್ತ ಹೋಗಿತ್ತು. ಕೆಟ್ಟಿದ್ದು ಒಂದು ಪಾಟು, ತಪ್ಪು ಹೊತಗೊಂಡದ್ದು ಒಂದು ಮುದುಕಿಯ ಕಿವಿ. ಅವತ್ತಿನಿಂದ ಈ ವಾಲ್ಯೂಮ್ ಕಂಟ್ರೋಲಿನ ಮಾತು ಬಂದ್ರ ನಾ ಸುಮ್ಮ ಕೂಡೋದಿಲ್ಲ.

ಹಂಗಾದ್ರ ಏನು ಹಾಕಬೇಕು? ಗುಂಡಿಗಿಂತ ಮೊದಲ ನೋಡಬೇಕಾದದ್ದು ಗೇನ್. ಹಳೇ ಕಾಲದಾಗ ಟ್ಯೂನರ್, ಟೇಪಿನಿಂದ ಬರೋ ಸಿಗ್ನಲ್ ಸಣ್ಣದಿರತಿತ್ತು, ಅದಕ್ಕ ಪ್ರಿಆಂಪ್ಲಿಫೈಯರ್ ಅದನ್ನ ಹತ್ತು ಪಟ್ಟು ದೊಡ್ಡದು ಮಾಡತಿತ್ತು. ಈಗಿನ ಸಿಡಿ ಪ್ಲೇಯರಿನಿಂದ 2 ವೋಲ್ಟ್ ತನಕಾ ಬರತದ. ಬಹಳಷ್ಟು ಆಂಪ್ಲಿಫೈಯರಿಗೆ 1 ವೋಲ್ಟಿನ ಆಸುಪಾಸು ಸಿಕ್ರ ಸಾಕು, ಪೂರಾ ಶಕ್ತಿ ಹಾಕಿ ಒದರತದ. ಹಿಂಗಿರುವಾಗ ಮತ್ತ ಹತ್ತು ಪಟ್ಟು ಯಾಕ? ಟಾಕಿ ತುಂಬಿ ಹರಿಯುವಾಗ ಮ್ಯಾಲೊಂದು ಪಂಪ್ ಕೂಡಿಸಿದಂಗ. ಆಮ್ಯಾಲೆ ಗುಂಡಿಯನ್ನ ಕೆಳಗಿನ ತುದಿಯಾಗನ ಒತ್ತಿ ಹಿಡಕೋಬೇಕಾಗತದ, ಪಾಟ್ ಎಲ್ಲಿ ಕೆಟ್ಟದ್ದೋ ಅಲ್ಲೇ ದಿನಾ ಕೆಲಸ ಮಾಡಬೇಕಾಗತದ. ನೋಡ್ರಿ, ಇದಕ್ಕ ಔಷಧ ಭಾಳ ಸೋವಿ. ಗೇನ್ ಒಂದು ಪಟ್ಟಿಗೆ ಇಳಸ್ರಿ. ಅದು ಆಗೋದಿಲ್ಲ ಅಂದ್ರ ದೊಡ್ಡ ಆಂಪ್ಲಿಫೈಯರಿನ ಬಾಗಲಾಗ ಒಂದೊಂದು ಚಾನಲ್ಲಿಗೆ ಎರಡು ರೆಸಿಸ್ಟರ್ ಹಾಕ್ರಿ, ಸಿಗ್ನಲ್ಲಿನ ದಾರಿಯೊಳಗ 6.8 ಕಿಲೋಓಮ್, ಅದರ ಮುಂದ ನೆಲಕ್ಕ 3.3 ಕಿಲೋಓಮ್. ಸುಮಾರು 10 ಡೆಸಿಬೆಲ್ ಕಡಿಮಿ ಆಗತದ. ನಾಲ್ಕು ರೆಸಿಸ್ಟರಿನಿಂದ ರಾತ್ರಿಯ ಗುಂಡಿ ಕೆಳಗಿನ ತುದಿ ಬಿಟ್ಟು ಮ್ಯಾಲೆ ಬರತದ.

ಆಮ್ಯಾಲೆ ಗುಂಡಿ. ಎಲ್ಲಾಕ್ಕಿಂತ ಸರಳ ಅಂದ್ರ ಲಾಗ್ ಪಾಟ್. ಅಂಗಡ್ಯಾಗ ಎ ಅಂತ ಅಕ್ಷರ ಇದ್ರ ಲಾಗ್, ಬಿ ಅಂದ್ರ ಲೀನಿಯರ್ ಅಂತ ಕೊಡತಾರ. ಆದ್ರ ಹಳೇ ಯೂರೋಪಿನ ಮಾಲಿನ್ಯಾಗ ಇದು ಉಲ್ಟಾ ಇರತದ, ಅದಕ್ಕ ಮೀಟರ್ ಹಚ್ಚಿ ನೋಡೋದ ಛಲೋ. ನಡುವ ಇಟ್ಟಾಗ ಕೆಳಗಿನ ಪಾಲು ಅರ್ಧ ಬಂದ್ರ ಲೀನಿಯರ್, ನೂರಕ್ಕ ಹತ್ತು-ಹದಿನೈದು ಬಂದ್ರ ಲಾಗ್. ತರುವಾಗ ಎರಡೂ ಕಡೆ ಅಳೆದು, ಕೆಳಗಿನ ತುದಿಗೆ ಯಾವುದು ಹೆಚ್ಚು ಜೋಡಿಯಾಗಿ ಹೋಗತದೋ ಅದನ್ನ ತರ್ರಿ. ಸೀರಿ ತಗೋವಾಗ ಸೆರಗು ಬಿಚ್ಚಿ ನೋಡೋದಿಲ್ಲೇನು? ಹಂಗ.

ಎರಡನೇದು, ಲೀನಿಯರ್ ಪಾಟ್ ತಗೊಂಡು ಅದರ ನಡುವಿನ ಕಾಲಿನಿಂದ ನೆಲಕ್ಕ ಒಂದು ರೆಸಿಸ್ಟರ್ ಹಾಕೋದು. 100 ಕಿಲೋಓಮ್ ಪಾಟಿಗೆ 15 ಕಿಲೋಓಮ್. ಗುಂಡಿ ನಡುವ ಇದ್ದಾಗ 14-15 ಡೆಸಿಬೆಲ್ ಕಡಿಮಿ ಆಗತದ, ಕಿವಿಗೆ ಸಾಕಷ್ಟು ಹಿತ ಅನಸತದ. ಲೀನಿಯರ್ ಪಾಟ್ ಸಾಮಾನ್ಯ ಲಾಗ್ ಪಾಟಿಗಿಂತ ಹೆಚ್ಚು ಜೋಡಿಯಾಗಿ ಹೋಗತಾವ. ಹಾಸ್ಟೆಲ್ಲಿನ ಹುಡುಗರಿಗೆ ನಾ ಇದನ್ನ ಹೇಳತೇನಿ. ತೀರ ಕೆಳಗಿನ ತುದಿಯ ಜಡ್ಡು ಮಾತ್ರ ಇದರಿಂದ ಪೂರಾ ಹೋಗೋದಿಲ್ಲ.

ಮೂರನೇದು ಚಿಪ್ಪು. ಅರ್ಧ ಅರ್ಧ ಡೆಸಿಬೆಲ್ ಏರಿಸಿ ಇಳಸತದ, ಎರಡೂ ಕಡೆ ಭಾಳ ಸಮ ಇರತದ, ರಿಮೋಟ್ ಕೂಡಿಸೋದೂ ಸುಲಭ. ಇವರ ಗೆಳೆಯರ ಓಟು ಇದಕ್ಕ. ನಾ ಬ್ಯಾಡ ಅನ್ನೋದಿಲ್ಲ. ಆದ್ರ ಇದಕ್ಕ ಪ್ರೋಗ್ರಾಮ್ ಬರೀಬೇಕು, ಬೇರೆ ಸಪ್ಲೈ ಕೊಡಬೇಕು. ಕರೆಂಟ್ ಹೋಗಿ ಬಂದಾಗ ಎಷ್ಟು ಆವಾಜಿನಿಂದ ಸುರು ಆಗಬೇಕು ಅನ್ನೋದನ್ನ ಬರಿಯೋರು ನೆನಪಿಟ್ಟು ಬರೀಬೇಕು. ರಾತ್ರಿ ಎರಡಕ್ಕ ಕರೆಂಟ್ ಬಂದು ಭಜನಿ ಸುರು ಆದ್ರ ಓಣಿಯವರು ಬೈಯೋದು ಚಿಪ್ಪಿಗಲ್ಲ, ನಮಗ. ನಾಲ್ಕನೇದು ರಿಲೇ. ಒಂದೊಂದು ಮೆಟ್ಟಲಿಗೂ ಡಬ್ಬಿಯೊಳಗ ಹಲ್ಲಿ ಲೊಚಗುಟ್ಟಿದಂಗ ಟಕ್ ಟಕ್ ಅಂತದ. ಹಗಲೆಲ್ಲಾ ನಡೀತದ, ನಸುಕಿನ್ಯಾಗ ಅದ ದೊಡ್ಡ ಗದ್ದಲ ಆಗತದ.

ನನ್ನ ಓಟು ಐದನೇದಕ್ಕ, ಮೆಟ್ಟಲಿನ ಸ್ವಿಚ್ಚಿಗೆ. 24 ಮನಿ ಇರೋ ತಿರಗೋ ಸ್ವಿಚ್, ಎರಡು ಅಟ್ಟ, ಒಂದು ಎಡಕ್ಕ, ಒಂದು ಬಲಕ್ಕ. ಒಂದೊಂದು ಕಡೆ 23 ರೆಸಿಸ್ಟರ್ ಏಣಿಯಂಗ ಸಾಲಾಗಿ ಬೆಸಗಿ ಹಾಕೋದು, ಒಟ್ಟು 46. ಸ್ವಿಚ್ ತುಟ್ಟಿ, ಖರೆ. ರೆಸಿಸ್ಟರ್ ಮಾತ್ರ ಒಂದೆರಡು ರೂಪಾಯಿದ್ದು. ನೂರಕ್ಕ ಒಂದರ ಫರಕಿನ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದ್ರ ಎಡಬಲದ ನಡುವ ಸಾಮಾನ್ಯವಾಗಿ 0.2 ಡೆಸಿಬೆಲ್ಲಿಗಿಂತ ಹೆಚ್ಚು ಫರಕ ಬರೋದಿಲ್ಲ, ಅದೂ ಎಲ್ಲಾಕ್ಕಿಂತ ಸಣ್ಣ ಆವಾಜಿನ್ಯಾಗೂ. ಹನ್ನೆರಡು ಎಲ್ಲೆ, ಸೊನ್ನೆ ಬಿಂದು ಎರಡು ಎಲ್ಲೆ!

ಮನ್ಯಾಗ ಕಟ್ಟೋದ್ರ ದೊಡ್ಡ ಲಾಭನೂ ಇಲ್ಲೇ ಅದ. ಅಂಗಡಿಯ ತಯಾರ ಸ್ವಿಚ್ಚಿನ್ಯಾಗ ಮೆಟ್ಟಲು ಬಹುತೇಕ ಸಮ ಇರತಾವ, 2 ಡೆಸಿಬೆಲ್ ಅಂದ್ರ ಮ್ಯಾಲಿಂದ ಕೆಳಗ 2. ತೀರ ಕೆಳಗ ಬಂದಾಗ ಮೆಟ್ಟಲು ತೀರಿ ಹೋಗಿ ಒಮ್ಮೆಲೆ ಧುಮುಕತದ. ನಮ್ಮ ಏಣಿಗೆ ಮೆಟ್ಟಲು ನಾವ ಹಾಕಬಹುದು, ಎಲ್ಲಿ ಕಾಲಿಡತೇವೋ ಅಲ್ಲೇ ಒತ್ತೊತ್ತಾಗಿ. ಮಗಳು ನಾನು ಕೂತು ಹಾಕಿದ ಲೆಕ್ಕ ಇದು. ಮ್ಯಾಲಿನ ದೊಡ್ಡ ಆವಾಜಿಗೆ, ಸೊನ್ನೆಯಿಂದ 20 ಡೆಸಿಬೆಲ್ ಕೆಳಗಿನ ತನಕಾ, 4 ಡೆಸಿಬೆಲ್ಲಿಗೊಂದರಂಗ ಆರು ಮನಿ. ಅಲ್ಲಿಂದ 50ರ ತನಕಾ 2 ಡೆಸಿಬೆಲ್ಲಿಗೊಂದರಂಗ ಹದಿನೈದು ಮನಿ. ಆಮ್ಯಾಲೆ 54, 60, ಕಡೀಕ ಪೂರಾ ಬಂದ್. ಇಪ್ಪತ್ನಾಲ್ಕು ಆತು. ಒಟ್ಟು ಏಣಿ 20,000 ಓಮ್ ಇಟಗೊಂಡ್ರ 20 ಡೆಸಿಬೆಲ್ ಮನಿಯ ಕೆಳಗ 2,000 ಓಮ್ ಉಳೀಬೇಕು, 40ರ ಕೆಳಗ 200, 60ರ ಕೆಳಗ 20. ಈ ಮೂರು ಹಿಡಕೊಂಡ್ರ ನಡುವಿನವು ತಾವ ಬರತಾವ.

ಸ್ವಿಚ್ ತರುವಾಗ ಒಂದು ಮಾತು ತಪ್ಪದ ಕೇಳ್ರಿ, ಮುಂದಿನ ಮೆಟ್ಟಲಿಗೆ ಕಾಲಿಟ್ಟ ಮ್ಯಾಲೆ ಹಿಂದಿನ ಮೆಟ್ಟಲು ಬಿಡೋ ಥರದ್ದ ಬೇಕು. ಅಂಗಡ್ಯಾಗ ಅದಕ್ಕ ಮೇಕ್ ಬಿಫೋರ್ ಬ್ರೇಕ್ ಅಂತಾರ. ಇಲ್ಲಂದ್ರ ಒಂದೊಂದು ತಿರುವಿಗೂ ಸಿಗ್ನಲ್ ಗಾಳ್ಯಾಗ ತೇಲಿ ಸ್ಪೀಕರಿನ್ಯಾಗ ಟಪ್ ಅಂತದ. ಮತ್ತ ಗುಂಡಿಗೆ ಬರೋ ಸಿಗ್ನಲ್ಲಿನ್ಯಾಗ ಡಿಸಿ ಸೇರಿರಬಾರದು, ಸೇರಿದ್ರ ಯಾವ ಗುಂಡಿ ಆದ್ರೂ ಖರ್ ಖರ್ ಅಂತದ. ಮುಂದ ಒಂದು ಕೆಪ್ಯಾಸಿಟರ್ ಇಟ್ರ ಆತು. ಖರ್ ಖರ್ ಅಂದ್ರ ಕೊಬ್ಬರಿ ಎಣ್ಣಿ ಬಿಡೋ ಚಾಳಿ ನಮ್ಮ ಕಡೆ ಅದ, ದಯಮಾಡಿ ಬಿಡಬ್ಯಾಡ್ರಿ. ಒಗ್ಗರಣಿ ಹೊಗಿ, ಕೆಂಪು ಧೂಳು ಎಲ್ಲಾ ಅದಕ್ಕ ಅಂಟಿಕೊಂಡು ಕೂಡತದ. ಕಾಂಟ್ಯಾಕ್ಟ್ ಕ್ಲೀನರ್ ಅಂತ ಸಿಗತದ, ಅದನ್ನ ಹೊಡೀರಿ, ವಾರಕ್ಕೊಮ್ಮೆ ಗುಂಡಿ ಈ ತುದಿಯಿಂದ ಆ ತುದಿಗೆ ತಿರವ್ರಿ.

ಮೆಟ್ಟಲಿನ ಸ್ವಿಚ್ಚಿನ ಇನ್ನೊಂದು ಗುಣ ಯಾವ ಪುಸ್ತಕದಾಗೂ ದೊಡ್ಡದಾಗಿ ಬರಿಯೋದಿಲ್ಲ. ಅದನ್ನ ಎಣಿಸಲಿಕ್ಕೆ ಬರತದ. ಅತ್ತಿಗೆ ಕಣ್ಣಿನ ಪೊರಿ ತೆಗಸ್ಯಾರ, ನಸುಕಿನ್ಯಾಗ ಗುಂಡಿ ಮ್ಯಾಲಿನ ಗೆರಿ ಕಾಣಸೋದಿಲ್ಲ. ಪೂರಾ ಬಂದ್ ಮಾಡಿ ಅಲ್ಲಿಂದ ಎಂಟು ಸಲ ಟಕ್ ಅನಿಸಿದ್ರ ಮುಂಜಾನೆದ ಆವಾಜ, ಹದಿಮೂರು ಅನಿಸಿದ್ರ ಮಧ್ಯಾಹ್ನದ್ದು. ಕಣ್ಣು ಬ್ಯಾಡ, ದೀಪ ಬ್ಯಾಡ, ಯಾರನ್ನೂ ಕರೆಯೋದು ಬ್ಯಾಡ. ಜಪಮಣಿ ಎಣಿಸೋ ಕೈಗೆ ಇದೇನು ದೊಡ್ಡದಲ್ಲ. ಆದ್ರ ಈ ಸ್ವಿಚ್ ಪಾಟಿಗಿಂತ ಬಿಗಿ ಇರತದ, ಬೆರಳಿನ ಸಂದು ನೋಯೋರಿಗೆ ಸಣ್ಣ ಗುಂಡಿ ಹಾಕಿದ್ರ ತಿರಗೋದಿಲ್ಲ. ಕಡಿಮಿ ಅಂದ್ರ 40 ಮಿಲಿಮೀಟರ್ ಅಗಲದ, ಅಂಚಿಗೆ ಗೀರು ಇರೋ ಗುಂಡಿ ಹಾಕ್ರಿ. ನುಣ್ಣಗ ಹೊಳೆಯೋ ಅಲ್ಯುಮಿನಿಯಂ ಗುಂಡಿ ನೋಡಲಿಕ್ಕೆ ಛಂದ, ಹಿಟ್ಟಿನ ಕೈಗೆ ಜಾರತದ.

ಇದಕ್ಕ ಎದುರು ಮಾತು ಇಲ್ಲಂತಲ್ಲ. ಹಾಸಗಿ ಹಿಡದವರು ಮನ್ಯಾಗ ಇದ್ರ ರಿಮೋಟ್ ಬೇಕ ಬೇಕು, ಅಂಥಲ್ಲೆ ಮೆಟ್ಟಲಿನ ಸ್ವಿಚ್ಚಿನ ಹಟ ಹಿಡಿಯೋದು ತಪ್ಪು. ಚಿಪ್ಪು ಇಲ್ಲಾ ಮೋಟಾರ್ ಇರೋ ಪಾಟ್ ಹಾಕ್ರಿ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಗುಂಡಿ ಹಾಕೋ ಪಂಥನೂ ಒಂದದ, ಅದು ಒಬ್ಬರ ಕೂತು ಕೇಳೋ ಖೋಲಿಗೆ ಸೈ, ಹತ್ತು ಕೈ ಮುಟ್ಟೋ ಮನಿಗಲ್ಲ. ಆದ್ರ ಬ್ಯಾಲನ್ಸ್ ಗುಂಡಿ, ಮೋನೋ ಸ್ವಿಚ್ ಇವೆರಡನ್ನ "ಸಿಗ್ನಲ್ ದಾರಿ ಕೆಡಸತದ" ಅಂತ ತೆಗೆಯೋರ ಮಾತು ನಾ ಒಪ್ಪೋದಿಲ್ಲ. ಒಂದು ಕಿವಿ ಮಂದ ಇರೋರಿಗೆ ಮೋನೋ ಸ್ವಿಚ್ ಇಲ್ಲಂದ್ರ ಆ ಕಡೆಯ ವಾದ್ಯನ ಇಲ್ಲ.

ಇನ್ನೊಂದು. ಆವಾಜ ಸಣ್ಣದಾದಂಗ ಕಿವಿಗೆ ಗಡುಸು ನಾದ ಇನ್ನೂ ಕಡಿಮಿ ಕೇಳಸತದ, ಇದನ್ನ ಫ್ಲೆಚರ್ ಮತ್ತ ಮನ್ಸನ್ ಅನ್ನೋರು 1933ರಾಗನ ಅಳೆದು ತೋರಿಸ್ಯಾರ. ಅದಕ್ಕ ರಾತ್ರಿ ತಬಲಾದ ಡಗ್ಗಾ, ತಂಬೂರಿಯ ಖರ್ಜ ಮೊದಲ ಮಾಯ ಆಗತಾವ. ಹಳೇ ಸೆಟ್ಟಿನ್ಯಾಗ ಲೌಡ್‌ನೆಸ್ ಅಂತ ಒಂದು ಒತ್ತೋ ಗುಂಡಿ ಇರತಿತ್ತಲ್ಲ, ಅದು ಇದಕ್ಕ. ಇವರು ಅದನ್ನ ಹಾಕೋದಿಲ್ಲ ಅಂತಾರ, ನಾ ಹಾಕಸದ ಬಿಡೋದಿಲ್ಲ.

ನಮ್ಮನ್ಯಾಗ ಇನ್ನೂ ಕಡೀ ತೀರ್ಮಾನ ಆಗಿಲ್ಲ. ಮಗಳು ನನ್ನ ಕಡೆ, ಇವರು ಅರ್ಧ ಒಪ್ಯಾರ. ಆದ್ರ ನಿಮ್ಮನ್ಯಾಗ ಯಾರರೆ ಕಟ್ಟತಿದ್ರ ಡಬ್ಬಿ ಮುಚ್ಚೋಕಿಂತ ಮೊದಲ ಈ ಪರೀಕ್ಷಾ ಮಾಡಸ್ರಿ. ರಾತ್ರಿ ಹತ್ತಕ್ಕ, ಫ್ಯಾನ್ ಬಂದ್ ಮಾಡಿ, ಒಬ್ಬರ ಹಾಡಿನ ಹಳೇ ಮೋನೋ ರೆಕಾರ್ಡ್ ಹಚ್ಚಿ, ಬಾಜೂ ಖೋಲಿಯಾಗ ಮಲಗಿದವರಿಗೆ ಕೇಳಸದಷ್ಟು ಸಣ್ಣ ಮಾಡಸ್ರಿ. ಹಾಡೋರು ನಡುವ ಅದಾರೇನು? ಇನ್ನೊಂದು ಚೂರು ಸಣ್ಣ, ಇನ್ನೊಂದು ಚೂರು ದೊಡ್ಡ ಮಾಡಲಿಕ್ಕೆ ಜಾಗಾ ಅದ ಏನು? ಮನ್ಯಾಗ ಎಲ್ಲಾರಿಗಿಂತ ಹಿರೇರ ಕೈಗೆ ಗುಂಡಿ ಕೊಟ್ಟು, ದೀಪ ಆರಿಸಿ, ತಿರವಲಿಕ್ಕೆ ಹೇಳ್ರಿ. ಅವರು ಯಾರನ್ನೂ ಕೇಳದ ತಮಗ ಬೇಕಾದಷ್ಟು ಇಟಗೊಂಡ್ರ ವಾಲ್ಯೂಮ್ ಕಂಟ್ರೋಲ್ ಪಾಸು. ಆಮ್ಯಾಲೆ ಸ್ಕ್ರೂ ಬಿಗಸಲಿ.